ಕೊಕ್ಕಯ್ಯನ ಎರಡು ಹೂಂ

ಮಕ್ಕಳೇ, ಒಂದು ಕುರುಚಲು ಕಾಡು. ಕಾಡಿನ ನಡುವೆ ಕೆರೆ. ಕೆರೆಯ ದಂಡೆಯಲ್ಲಿ ಒಂದು ದೊಡ್ಡ ಬಸರಿ ಮರ. ಆ ಮರದಲ್ಲಿ ಕೊಕ್ಕಯ್ಯ ಎಂಬ ಮುದಿ ಮಂಗಟ್ಟೆ ಹಕ್ಕಿ ಇದ್ದ.

ಮಂಗಟ್ಟೆಯನ್ನು ನೀವು ನೋಡಿರಲಿಕ್ಕಿಲ್ಲ. ಬಾಗಿದ ದಪ್ಪ ಕೊಕ್ಕಿನ ಹಕ್ಕಿ. ಮೊಟ್ಟೆ ಇಡುವ ಕಾಲ ಬಂದರೆ ಹೆಣ್ಣು ಮರದ ಪೊಟರೆಯೊಳಗೆ ಸೇರಿಕೊಳ್ಳುತ್ತದೆ. ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಒಂದು ಸೀಳು ಮಾತ್ರ ಬಿಡುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಒಂದೊಂದೇ ಹಣ್ಣು. ಕೊಕ್ಕಯ್ಯ ಹಾಗೆ ಹಣ್ಣು ಕೊಟ್ಟು ಕೊಟ್ಟೇ ಮುದುಕನಾದವನು.

ಅವನ ಹೆಂಡತಿ ನೀಲವ್ವ. ಹೋದ ವರ್ಷ ಪೊಟರೆಯೊಳಗಿದ್ದಾಗಲೇ ಅವಳಿಗೆ ಜಡ್ಡಾಯಿತು. ಒಂದು ಬೆಳಗ್ಗೆ ಕೊಕ್ಕಯ್ಯ ಹಣ್ಣು ತಂದು ಸೀಳಿಗೆ ಒಡ್ಡಿದ. ಒಳಗಿನಿಂದ ಕೊಕ್ಕು ಬರಲಿಲ್ಲ. ಅವನು ಸಂಜೆಯವರೆಗೂ ಹಣ್ಣು ಹಿಡಿದುಕೊಂಡೇ ಕೂತಿದ್ದ.

ಅವಳು ಹೋದ ಮೇಲೂ ಅವನಿಗೆ ಆ ರೂಢಿ ತಪ್ಪಲಿಲ್ಲ. ಬೆಳಗಾದರೆ ಒಂದು ಬಸರಿ ಹಣ್ಣು ಕಿತ್ತು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದ. ನುಂಗುತ್ತಿರಲಿಲ್ಲ. ಉಗುಳುತ್ತಲೂ ಇರಲಿಲ್ಲ. ಯಾರಾದರೂ ಮಾತಾಡಿಸಿದರೆ ಬಾಯಿ ತೆರೆಯದೆ "ಹೂಂ" ಅನ್ನುತ್ತಿದ್ದ. ಪಾಪ, ದುಃಖದಲ್ಲಿದ್ದಾನೆ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು.

ಈಗ ಓಟದ ವಿಷಯ ಕೇಳಿ.

ಆ ಕಾಡಿನಲ್ಲಿ ಜಿಂಕೆಗಳು ವರ್ಷಕ್ಕೊಮ್ಮೆ ಓಟ ಓಡುತ್ತಿದ್ದವು. ಬಸರಿ ಮರದ ಬುಡದಿಂದ ಹೊರಟು, ಬಯಲಿನ ಆಚೆಗಿರುವ ಹುತ್ತ ಬಳಸಿ, ಮತ್ತೆ ಬುಡಕ್ಕೆ ಬರಬೇಕು. ಯಾವಾಗಲೂ ಗಂಡುಗಳೇ ಗೆಲ್ಲುತ್ತಿದ್ದವು. ಹೆಣ್ಣುಗಳು ಅವುಗಳ ದೂಳು ಕುಡಿದುಕೊಂಡು ಹಿಂದೆ ಬರುತ್ತಿದ್ದವು. ಒಂದು ವರ್ಷ ನೀಲವ್ವ ಕೊಂಬೆಯ ಮೇಲಿಂದ ಅದನ್ನು ನೋಡಿ ಗಂಡನಿಗೆ ಹೇಳಿದಳು, "ಏನ್ರೀ, ಈ ಹೆಣ್ಣುಮಕ್ಕಳಿಗೇ ಅಂತ ಒಂದು ಓಟ ಇರಬಾರದಾ?"

"ಇರಲಿ ಬಿಡು," ಅಂದ ಕೊಕ್ಕಯ್ಯ.

ನೀಲವ್ವ ಬಿಡಲಿಲ್ಲ. ಕೆಳಗಿಳಿದು ಕೊಕ್ಕಿನಿಂದ ನೆಲದ ಮೇಲೆ ಗೆರೆ ಎಳೆದಳು. ಗೀಜಗ ಹಕ್ಕಿಗಳಿಗೆ ಹೇಳಿ ಮುತ್ತುಗದ ಹೂವಿನ ಹಾರ ಹೆಣೆಸಿದಳು. ಅಂದಿನಿಂದ ಮುತ್ತುಗ ಅರಳಿದಾಗಲೆಲ್ಲ ಹೆಣ್ಣು ಜಿಂಕೆಗಳ ಓಟ ನಡೆಯಿತು. ಅದನ್ನು ಮುಗಿಸಿಯೇ ಅವಳು ಪೊಟರೆ ಸೇರುತ್ತಿದ್ದಳು.

ನೀಲವ್ವ ಒಂದು ಪದ್ಧತಿ ಇಟ್ಟಿದ್ದಳು. ಓಟದ ಹಿಂದಿನ ದಿನ ಓಡುವವರೆಲ್ಲ ಮರದ ಕೆಳಗೆ ಕೂಡಬೇಕು. ಮನಸ್ಸಿನಲ್ಲಿ ಏನಿದ್ದರೂ ಅಲ್ಲೇ ಆಡಿಬಿಡಬೇಕು. "ಜಗಳ ಆಡುವುದಿದ್ದರೆ ಇವತ್ತೇ ಆಡಿ. ನಾಳೆ ಬರೀ ಓಡಿ," ಅನ್ನುತ್ತಿದ್ದಳು. ಅದಕ್ಕೆ ಜಗಳದ ಕೂಟ ಎಂದೇ ಹೆಸರಾಯಿತು. ಒಂದು ಸಲ ಕುಂಟುಕಾಲಿನ ಜಿಂಕೆಯೊಂದು ನಾನೂ ಓಡುತ್ತೇನೆ ಅಂದಿತು. ಮಧ್ಯಾಹ್ನದವರೆಗೆ ಜಗಳವಾಯಿತು. ಕೊನೆಗೆ, ಅವಳು ಗೆರೆಗಿಂತ ಮುಂದೆ ನಿಂತು ಓಡಲಿ ಎಂದು ಎಲ್ಲರೂ ಒಪ್ಪಿದರು. ಮಾರನೆಯ ದಿನ ಯಾರೂ ಮುಖ ತಿರುಗಿಸಲಿಲ್ಲ.

ನೀಲವ್ವ ಇಲ್ಲದ ಮೊದಲ ವರ್ಷ. ಓಟದ ಹೊಣೆ ಕೊಕ್ಕಯ್ಯನ ಮೇಲೆ ಬಿತ್ತು. ಮುತ್ತುಗ ಅರಳಿತು.

ಆ ವರ್ಷ ಹಿಂಡಿನಲ್ಲಿ ಇಬ್ಬರು ಗೆಳತಿಯರು ಇದ್ದರು. ಒಬ್ಬಳು ಸಣ್ಣಿ. ಹೆಸರಿನ ಹಾಗೇ ಸಣ್ಣ ಜಿಂಕೆ. ಹಿಂದಿನ ಓಟದಲ್ಲಿ ಎರಡನೆಯವಳಾಗಿದ್ದಳು. ಅಂದಿನಿಂದ ದಿನಾ ಬೆಳಗ್ಗೆ ಕಲ್ಲುಗುಡ್ಡ ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಂಡಿದ್ದಳು.

ಇನ್ನೊಬ್ಬಳು ಶಾವಂತಿ. ಅವಳು ಹುಟ್ಟಿದಾಗ ಗಂಡು ಮರಿ ಎಂದೇ ಎಲ್ಲರೂ ಅಂದಿದ್ದರು. ಗಂಡಿನ ಹಾಗೇ ಮೈ ಬೆಳೆಯಿತು. ಕೊಂಬೂ ಬಂತು. ಆದರೆ ಅವಳು ಎಳೆಯವಳಿದ್ದಾಗಿನಿಂದ, "ನಾನು ಹೆಣ್ಣು," ಅನ್ನುತ್ತಿದ್ದಳು. ಗಂಡು ಜಿಂಕೆಗಳು ಅವಳನ್ನು ಕೊಂಬಿನಿಂದ ತಿವಿದು ಅಟ್ಟಿದವು. ಹೆಣ್ಣುಗಳು ಮೊದಲು ನಕ್ಕವು. ಆಮೇಲೆ ಸುಮ್ಮನಾದವು. ಆಮೇಲೆ ಜಾಗ ಕೊಟ್ಟವು. ಕೊಂಬು ಮೂಡುವ ಕಾಲದಲ್ಲಿ ಅವಳು ಲಂಟಾನದ ಪೊದೆಯಲ್ಲಿ ತಲೆ ಮರೆಸಿಕೊಂಡು ಒಬ್ಬಳೇ ಇರುತ್ತಿದ್ದಳು. ಅದು ಕಳಚಿ ಬಿದ್ದ ದಿನ ಕುಣಿಯುತ್ತ ಹಿಂಡಿಗೆ ಬರುತ್ತಿದ್ದಳು. ಮೊದಲು ಓಡಿ ಬಂದು ಅವಳ ಕಿವಿ ನೆಕ್ಕುತ್ತಿದ್ದವಳು ಸಣ್ಣಿಯೇ. ಕಲ್ಲುಗುಡ್ಡವನ್ನೂ ಇಬ್ಬರೂ ಜತೆಯಲ್ಲೇ ಹತ್ತುತ್ತಿದ್ದರು.

ಒಂದು ದಿನ ಶಾವಂತಿ ಬಸರಿ ಮರದ ಕೆಳಗೆ ಬಂದಳು.

"ಅಜ್ಜ, ಈ ಸಲ ಹೆಣ್ಣುಗಳ ಓಟದಲ್ಲಿ ನಾನೂ ಓಡಬೇಕು ಅಂತ ಆಸೆ. ಗಂಡುಗಳ ಓಟಕ್ಕೆ ನಾನು ಹೋಗಲಾರೆ. ಅಲ್ಲಿ ನಾನು ಯಾರೂ ಅಲ್ಲ. ಬೇರೆಯವರಿಗೆ ಬೇಸರ ಆಗುತ್ತೆ ಅಂದರೆ ಈಗಲೇ ಹೇಳಿಬಿಡಿ. ಓಡಬಹುದಾ?"

ಕೊಕ್ಕಯ್ಯ ಕೆಳಗೆ ನೋಡಿದ. ಬಾಯಲ್ಲಿ ಹಣ್ಣಿತ್ತು. ಅವಳ ಕಣ್ಣು ನೋಡಿ ಬೇಡ ಅನ್ನಲು ಮನಸ್ಸು ಬರಲಿಲ್ಲ.

"ಹೂಂ," ಅಂದ.

ಶಾವಂತಿ ಕೆರೆಯ ನೀರೆಲ್ಲ ಎರಚಾಡಿಕೊಂಡು ಹೋದಳು.

ಮಾರನೆಯ ದಿನ ಸಣ್ಣಿ ಬಂದಳು. ತುಂಬ ಹೊತ್ತು ಮರಕ್ಕೆ ಮೈ ಉಜ್ಜಿಕೊಂಡು ನಿಂತಳು.

"ಅಜ್ಜ, ಹೇಳೋಕೆ ಬಾಯಿ ಬರ್ತಾ ಇಲ್ಲ. ಶಾವಂತಿ ನನ್ನ ಗೆಳತಿ. ಅವಳು ಹೆಣ್ಣಲ್ಲ ಅಂತ ನಾನು ಒಂದು ದಿನವೂ ಅಂದಿಲ್ಲ. ಆದರೆ ಗುಡ್ಡ ಹತ್ತುವಾಗ ಪಕ್ಕದಲ್ಲಿ ಇರೋಳು ನಾನು. ಅವಳ ಕಾಲಿನ ಉದ್ದ, ಎದೆಯ ಅಗಲ ಎಲ್ಲ ಗಂಡಿನ ಹಾಗೆ ಬೆಳೆದಿದೆ. ನಾನು ಏದುಸಿರು ಬಿಡುವಾಗ ಅವಳು ಹಾಡ್ತಾ ಇರ್ತಾಳೆ. ಬರುವ ವರ್ಷ ನನ್ನ ಹೊಟ್ಟೆಯಲ್ಲಿ ಮರಿ ಇರುತ್ತೆ. ನನಗೆ ಇದೊಂದೇ ಓಟ. ಓಟ ಸಮನಾಗಿ ಇರೋ ಹಾಗೆ ನೀವು ಏನಾದರೂ ಮಾಡ್ತೀರಿ ಅಲ್ವಾ ಅಜ್ಜ?"

ಕೊಕ್ಕಯ್ಯನಿಗೆ ನಿನ್ನೆ ಹೂಂ ಅಂದದ್ದು ನೆನಪಿತ್ತು. ಆದರೆ ಇವಳು ಹೇಳುವುದರಲ್ಲೂ ತಪ್ಪಿರಲಿಲ್ಲ. ನೀಲವ್ವ ಇದ್ದಿದ್ದರೆ, ಅಂದುಕೊಂಡ. ನಾಲಗೆಯಿಂದ ಹಣ್ಣನ್ನು ಆ ಕಡೆಯಿಂದ ಈ ಕಡೆಗೆ ತಳ್ಳಿದ.

"ಹೂಂ."

"ಅಷ್ಟು ಸಾಕು ಅಜ್ಜ," ಅಂದಳು ಸಣ್ಣಿ. ಅವಳ ಎದೆ ಹಗುರವಾಯಿತು.

ಓಟದ ಹಿಂದಿನ ದಿನ ಬಾಲಣ್ಣ ಎಂಬ ಕಪ್ಪುಮೂತಿಯ ಮುಸುವ ಕೋತಿ ಮೇಲಿನ ಕೊಂಬೆಯಿಂದ ತಲೆಕೆಳಗಾಗಿ ಜೋತುಬಿದ್ದು ಕೇಳಿದ, "ಏನಜ್ಜ, ಜಗಳದ ಕೂಟ ಯಾವಾಗ? ನಾನು ಬೆಳಗ್ಗೆಯಿಂದ ಕಿವಿ ತೊಳೆದುಕೊಂಡು ಕಾಯ್ತಾ ಇದ್ದೀನಿ."

ಕೊಕ್ಕಯ್ಯ ಮರದ ಬುಡ ನೋಡಿದ. ನೀಲವ್ವ ಕೂರುತ್ತಿದ್ದ ಬೇರು ಖಾಲಿ ಇತ್ತು. ಅದರ ಮೇಲೆ ತಾನು ಕೂರುವುದನ್ನು ನೆನೆದೇ ಅವನಿಗೆ ಸಂಕಟವಾಯಿತು. ಹಣ್ಣನ್ನು ಕೆನ್ನೆಗೆ ಒತ್ತಿಕೊಂಡು ಹೇಗೋ ಅಂದ, "ಈ ಸಲ ಬೇಡ. ಎಲ್ಲರೂ ನಗ್ತಾ ಇದ್ದಾರೆ. ನಗ್ತಾ ಇರಲಿ."

"ಅಜ್ಜಿ ಇದ್ದಿದ್ದರೆ..."

"ಬೇಡ ಅಂದೆನಲ್ಲ."

ಬಾಲಣ್ಣ ತಲೆ ಕೆರೆದುಕೊಂಡು ಹೋದ.

ಓಟದ ಬೆಳಗ್ಗೆ ಕಾಡೆಲ್ಲ ದಂಡೆಯಲ್ಲಿ ಸೇರಿತ್ತು. ಜಿಂಕೆಗಳು ಗೆರೆಯ ಮೇಲೆ ನಿಂತವು. ಸಣ್ಣಿ ಪಕ್ಕಕ್ಕೆ ನೋಡಿದಳು. ಅದೇ ಗೆರೆಯ ಮೇಲೆ ಶಾವಂತಿ ನಿಂತಿದ್ದಳು. ಸಣ್ಣಿ ತಲೆ ಎತ್ತಿ ಕೊಕ್ಕಯ್ಯನನ್ನು ನೋಡಿದಳು. ಕೊಕ್ಕಯ್ಯ ಕೆರೆಯ ಕಡೆ ನೋಡಿದ.

ಗೀಜಗ ಕೂಗಿತು. ಓಟ ಹೊರಟಿತು.

ಹುತ್ತದವರೆಗೆ ಇಬ್ಬರೂ ಸಮವಾಗಿದ್ದರು. ಹುತ್ತ ಬಳಸುವಾಗ ಸಣ್ಣಿಯೇ ಒಂದು ಮೂತಿ ಮುಂದೆ. ಆದರೆ ತಿರುಗಿ ಬರುವ ಬಯಲು ಉದ್ದ. ಶಾವಂತಿ ಕಾಲು ಚಾಚಿದಳು. ಸಣ್ಣಿ ಜೀವದ ಹಂಗು ತೊರೆದು ಓಡಿದಳು. ಶಾವಂತಿ ಒಂದು ಮೈಯಷ್ಟು ಮುಂದೆ ಗೆರೆ ದಾಟಿದಳು.

ಗೀಜಗಗಳು ಹಾರವನ್ನು ಅವಳ ಕೊರಳಿಗೆ ಹಾಕಿದವು. ಒಂದು ಗಳಿಗೆ ಅವಳಷ್ಟು ಸುಖಿ ಆ ಕಾಡಿನಲ್ಲಿ ಯಾರೂ ಇರಲಿಲ್ಲ. ಒಂದೇ ಗಳಿಗೆ.

"ಹೋಯ್! ಹೆಣ್ಣುಗಳ ಓಟ ಗಂಡು ಗೆದ್ದಿತು!" ಬಾಲಣ್ಣ ಮರದ ತುದಿಯಿಂದ ಕೂಗಿದ. ಅವನಿಗೆ ಅದು ತಮಾಷೆ.

ಕೆಲವರು ನಕ್ಕರು. ಕೆಲವರು, "ಬಾಯಿ ಮುಚ್ಚೋ ಕೋತಿ," ಎಂದು ಗದರಿದರು. ಒಂದು ಮುದಿ ಜಿಂಕೆ, "ಅವನು ಅಂದದ್ದರಲ್ಲಿ ಸುಳ್ಳೇನಿದೆ?" ಅಂದಿತು. ಇನ್ನೊಂದು, "ನಿನ್ನ ಮರಿಯನ್ನು ತೋಳದಿಂದ ಕಾದವಳು ಇದೇ ಶಾವಂತಿ, ಮರೆತೆಯಾ?" ಎಂದು ಎರಗಿ ಬಂತು. ನೋಡನೋಡುತ್ತ ದಂಡೆ ಎರಡು ಪಾಲಾಯಿತು. ಯಾರು ಯಾರನ್ನು ಬೈಯುತ್ತಿದ್ದಾರೆ ಎಂದೇ ತಿಳಿಯದ ಹಾಗಾಯಿತು.

ಸಣ್ಣಿ ದಾರಿ ಬಿಡಿಸಿಕೊಂಡು ಮರದ ಕೆಳಗೆ ಬಂದಳು. ಅವಳ ಮೂಗಿನಲ್ಲಿ ಇನ್ನೂ ನೊರೆ ಇತ್ತು.

"ಅಜ್ಜ, ನೀವು ನನಗೆ ಹೂಂ ಅಂದಿದ್ದಿರಿ."

ಶಾವಂತಿ ಅವಳ ಕಡೆ ತಿರುಗಿದಳು. "ಏನಂತ?"

"ಓಟ ಸಮನಾಗಿರೋ ಹಾಗೆ ನೋಡ್ಕೋತೀನಿ ಅಂತ."

"ನನಗೂ ಹೂಂ ಅಂದಿದ್ದರಲ್ಲೇ," ಅಂದಳು ಶಾವಂತಿ. "ಓಡಬಹುದು ಅಂತ. ಯಾರಿಗೂ ಬೇಸರ ಇಲ್ಲ ಅಂತ ಅಂದುಕೊಂಡೆ."

ಎಲ್ಲರೂ ಕೊಕ್ಕಯ್ಯನನ್ನು ನೋಡಿದರು. ಅವನ ಬಾಯಲ್ಲಿ ಹಣ್ಣು ಹಾಗೇ ಇತ್ತು. ಅವನಿಗೆ ಹೂಂ ಅನ್ನಲೂ ಆಗಲಿಲ್ಲ.

"ನಿನ್ನ ಮನಸ್ಸಿನಲ್ಲಿ ಇದಿತ್ತಾ ಸಣ್ಣಿ?" ಶಾವಂತಿ ಮೆಲ್ಲಗೆ ಕೇಳಿದಳು. "ದಿನಾ ಜತೆಗೆ ಗುಡ್ಡ ಹತ್ತಿದೆವಲ್ಲ. ಒಂದು ದಿನ ನನಗೇ ಹೇಳಬಾರದಿತ್ತಾ?"

"ಜಗಳದ ಕೂಟದಲ್ಲಿ ಹೇಳೋಣ ಅಂತಿದ್ದೆ. ನಿನ್ನ ಎದುರಿಗೇ. ಕೂಟವೇ ಆಗಲಿಲ್ಲ."

"ಹೇಳಿದ್ದರೆ ನಾನು ಒಂದು ದಿನ ಅಳ್ತಿದ್ದೆ. ಇಷ್ಟು ಜನರ ಎದುರು ನಗೆಪಾಟಲು ಆಗ್ತಿರಲಿಲ್ಲ."

ಅವಳು ತಲೆ ಬಗ್ಗಿಸಿ ಹಾರವನ್ನು ಕಳಚಿ ಗೆರೆಯ ಮೇಲೆ ಇಟ್ಟಳು. "ತಗೋ. ನಿನ್ನದು."

ಸಣ್ಣಿ ಹಿಂದೆ ಸರಿದಳು. "ನೆಲದಿಂದ ಎತ್ತಿಕೊಳ್ಳೋಕೆ ನಾನು ವರ್ಷವೆಲ್ಲ ಓಡಲಿಲ್ಲ ಕಣೇ."

ಶಾವಂತಿ ಕೆರೆಯ ಏರಿ ಹತ್ತಿ ಆಚೆಗೆ ಇಳಿದಳು. ಸಣ್ಣಿ ಕಲ್ಲುಗುಡ್ಡದ ಕಡೆ ಹೋದಳು. ಉಳಿದವರೂ ಒಬ್ಬೊಬ್ಬರಾಗಿ ಕರಗಿದರು. ಹಾರ ಅಲ್ಲೇ ಬಿದ್ದಿತ್ತು. ಬಿಸಿಲು ಏರಿದ ಮೇಲೆ ಒಂದು ಕಾಡುಹಂದಿ ಬಂದು ಅದನ್ನು ಮೂಸಿತು. ನಾರಿನ ಸಮೇತ ತಿಂದು ಹೋಯಿತು.

ಎಲ್ಲರೂ ಹೋದ ಮೇಲೆ ಕೊಕ್ಕಯ್ಯ ಬಾಯಿ ತೆರೆದ. ಹಣ್ಣು ಕೆಳಗೆ ಬಿತ್ತು. ಅದು ಬಿದ್ದ ಸದ್ದು ಅವನಿಗೆ ದೊಡ್ಡದಾಗಿ ಕೇಳಿಸಿತು.

ಅಂದೇ ಹಾರಿಹೋಗಿ ಸಣ್ಣಿಯನ್ನು ಹುಡುಕಿದ. "ತಪ್ಪು ನನ್ನದು ಮಗಳೇ," ಅಂದ. ಎಷ್ಟೋ ದಿನಗಳ ಮೇಲೆ ಬಾಯಿ ತುಂಬ ಮಾತು ಬಂದಿತ್ತು. ಧ್ವನಿ ಕರಕರ ಅಂತು.

"ಅವಳ ಮೇಲೆ ನನಗೆ ಸಿಟ್ಟಿಲ್ಲ ಅಜ್ಜ," ಅಂದಳು ಸಣ್ಣಿ. "ಕೂಟ ಆಗಿದ್ದರೆ ಏನಾಗ್ತಿತ್ತೋ ಗೊತ್ತಿಲ್ಲ. ಅವಳು ಓಡಲ್ಲ ಅಂತಿದ್ದಳೋ, ಬೇರೆ ಗೆರೆಯ ಮೇಲೆ ನಿಲ್ತಿದ್ದಳೋ, ನಾನೇ ಸರಿ ಓಡು ಅಂತಿದ್ದೆನೋ. ಏನಾದರೂ ಒಂದು ಆಗ್ತಿತ್ತು. ನಾವಿಬ್ಬರೂ ಜತೆಗೆ ಗುಡ್ಡ ಹತ್ತೋದಂತೂ ತಪ್ಪುತ್ತಿರಲಿಲ್ಲ."

ಕೊಕ್ಕಯ್ಯ ಏರಿಯ ಆಚೆಗೂ ಹಾರಿದ. ಶಾವಂತಿಯ ಹೆಜ್ಜೆಗುರುತು ಹೊಳೆಯವರೆಗೆ ಇತ್ತು. ಹೊಳೆಯ ಆಚೆಗೆ ಯಾವ ಕಾಡೋ. "ಶಾವಂತಿ! ಮಗಳೇ!" ಎಂದು ಕೂಗಿದ. ಆಚೆ ದಡ ಉತ್ತರ ಕೊಡಲಿಲ್ಲ.

ಮರುವರ್ಷ ಮುತ್ತುಗ ಮತ್ತೆ ಅರಳಿತು. ಕೊಕ್ಕಯ್ಯ ಮರದಿಂದ ಇಳಿದ. ನೀಲವ್ವ ಎಳೆದ ಗೆರೆಯ ಮೇಲೆ ಗರಿಕೆ ಬೆಳೆದಿತ್ತು. ಕೊಕ್ಕಿನಿಂದ ಗರಿಕೆ ಕಿತ್ತು ಗೆರೆಯನ್ನು ಹಸನು ಮಾಡಿದ. ನೀಲವ್ವ ಕೂರುತ್ತಿದ್ದ ಬೇರಿನ ಮೇಲೆ ತಾನೇ ಕೂತು ಕೂಗಿ ಹೇಳಿದ, "ಜಗಳದ ಕೂಟ ಇದೆ, ಬನ್ನಿ."

ಹೋದ ವರ್ಷದ ಒಡಕು ಇನ್ನೂ ಕೂಡಿರಲಿಲ್ಲ, ಯಾರೂ ಬರಲಿಲ್ಲ. ಸಂಜೆಯ ಹೊತ್ತಿಗೆ ಸಣ್ಣಿ ಒಬ್ಬಳು ತುಂಬಿದ ಹೊಟ್ಟೆ ಹೊತ್ತುಕೊಂಡು ನಿಧಾನಕ್ಕೆ ಬಂದಳು. ಗೆರೆಯ ಪಕ್ಕ ಕಾಲು ಮಡಚಿ ಕೂತಳು.

"ನೀನು ಈ ಸಲ ಓಡೋ ಹಾಗಿಲ್ಲವಲ್ಲ ಮಗಳೇ," ಅಂದ ಕೊಕ್ಕಯ್ಯ.

"ಓಡೋಕೆ ಬರಲಿಲ್ಲ ಅಜ್ಜ. ಅವಳು ಬಂದರೆ ಜಗಳ ಆಡೋಣ ಅಂತ ಬಂದೆ."

ಇಬ್ಬರೂ ಏರಿಯ ಕಡೆ ನೋಡುತ್ತ ಕೂತರು. ಕೊಕ್ಕಯ್ಯನ ಬಾಯಲ್ಲಿ ಹಣ್ಣಿರಲಿಲ್ಲ. ಹೇಳಬೇಕಾದ ಮಾತು ಮಾತ್ರ ಇತ್ತು. ಕೇಳಬೇಕಾದವಳು ಬರಲಿಲ್ಲ.

ನೀತಿ: ಕಷ್ಟದ ಮಾತನ್ನು ಓಟಕ್ಕೆ ಮೊದಲೇ, ಸಂಬಂಧಪಟ್ಟ ಎಲ್ಲರ ಎದುರಿಗೆ ಆಡಬೇಕು; ನೋಯಿಸಲಾರದೆ ಇಬ್ಬರಿಗೂ ಹೂಂ ಅಂದವನು ಇಬ್ಬರಿಗೂ ಅನ್ಯಾಯ ಮಾಡುತ್ತಾನೆ.