ಬಿದರಕುಂಟೆಯ ಅಳಿಯನಕಟ್ಟೆ

ಬಿದರಕುಂಟೆಯಲ್ಲಿ ಬಸ್ಸಿಳಿದು ಕೆರೆ ಏರಿಯ ಮೇಲೆ ಮೂಡಣಕ್ಕೆ ನಡೆದವರಿಗೆ ಊರಿಗಿಂತ ಮೊದಲು ಊರಿನ ಅಳಿಯ ಕಾಣಿಸುತ್ತಾನೆ. ಅರಳಿ ಮತ್ತು ಬೇವು ಒಂದನ್ನೊಂದು ತಬ್ಬಿಕೊಂಡು ಬೆಳೆದ ಜೋಡಿಮರ. ಸುತ್ತ ಕಲ್ಲಿನ ಕಟ್ಟೆ. ಇಂಥ ಕಟ್ಟೆ ಎಲ್ಲ ಊರಿನಲ್ಲೂ ಉಂಟು, ಇದರಲ್ಲೇನು ಹೆಚ್ಚು ಎನ್ನುವವರು ಒಂದು ಸುತ್ತು ಹಾಕಿ ಪಡುವಲ ಮಗ್ಗುಲಿಗೆ ಬರಬೇಕು. ಅಲ್ಲಿ ಅರಳಿಯ ಬೊಡ್ಡೆಯೊಳಗೆ ಒಂದು ಬಾಗಿಲುವಾಡ ಸಿಕ್ಕಿಕೊಂಡಿದೆ. ಹೊಸ್ತಿಲು ನೆಲ ಬಿಟ್ಟು ಮೊಳಕಾಲೆತ್ತರಕ್ಕೆ ಎದ್ದಿದೆ, ಅದರ ಹಿತ್ತಾಳೆಯ ಹೂಗಳು ಹಸಿರುಗಟ್ಟಿವೆ. ಪಂಚಾಯಿತಿಯವರು ನೆಡಿಸಿದ ಹಲಗೆಯ ಮೇಲೆ ‘ಶ್ರೀ ಅಶ್ವತ್ಥನಾರಾಯಣಸ್ವಾಮಿ ಕಟ್ಟೆ’ ಎಂದು ಬರೆದಿದೆಯಾದರೂ, ಆ ಹೆಸರು ಹಿಡಿದು ದಾರಿ ಕೇಳಿದವರನ್ನು ಊರಿನವರು ಮರ್ಯಾದೆಯಿಂದ ಪಕ್ಕದೂರಿಗೆ ಕಳಿಸಿಬಿಡುತ್ತಾರೆ. ಅಳಿಯನಕಟ್ಟೆ ಎಂದರೆ ಮಾತ್ರ ಕೈಹಿಡಿದು ಕರೆತಂದು ತೋರಿಸುತ್ತಾರೆ, ಕೇಳದಿದ್ದರೂ ಕಥೆ ಹೇಳುತ್ತಾರೆ. ಹೇಳುವವರೆಲ್ಲ ಕಣ್ಣಾರೆ ಕಂಡಂತೆಯೇ ಹೇಳುವುದು. ನಡೆದದ್ದು ಅವರ ಮುತ್ತಜ್ಜಂದಿರು ಹುಟ್ಟುವುದಕ್ಕೂ ಹಿಂದೆ ಎಂಬುದು ಬೇರೆ ಮಾತು.

ಹಿಂದೆ ಒಮ್ಮೆ, ಪಾಳೇಗಾರರ ಕಾಲದ ಬಾಲವೋ ಅದರ ನಂತರದ ತಲೆಯೋ ಸರಿಯಾಗಿ ತಿಳಿಯದು, ಈ ಊರಿಗೆ ಸಣ್ಣಕ್ಯಾತಪ್ಪ ಎಂಬ ಪಟೇಲನಿದ್ದನಂತೆ. ಹೆಸರೊಂದು ಬಿಟ್ಟರೆ ಅವನದೆಂಬುದು ಯಾವುದೂ ಸಣ್ಣದಿರಲಿಲ್ಲ. ಇಂದು ಕಟ್ಟೆ ಇರುವ ಜಾಗದಲ್ಲಿ ಸುತ್ತೂರಿನಲ್ಲೇ ಇಲ್ಲದಂಥ ತೊಟ್ಟಿಮನೆ ಕಟ್ಟಿಸುವ ಆಸೆ ಅವನಿಗೆ ಹುಟ್ಟಿತು. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಒಂದೇ ತೊಲೆ ಇರಬೇಕು, ಎಲ್ಲೂ ಜೋಡಣೆ ಕೂಡದು ಎಂದು ಹಟ. ಅಷ್ಟುದ್ದದ ನೆಟ್ಟನೆಯ ಮರ ಊರಿಗೆಲ್ಲ ಒಂದೇ ಒಂದಿತ್ತು. ಅದು ಎದುರುಗಡೆ, ಕದಿರಮ್ಮನ ಗುಡಿಸಲಿಗೆ ಬೆನ್ನುಕೊಟ್ಟು ನಿಂತಿದ್ದ ಇಪ್ಪೆಮರ.

ಕದಿರಮ್ಮನ ಸಂಸಾರವೆಂದರೆ ಆ ಮರವೇ. ಗಂಡನೆಂಬುವನು ತಿರುಪತಿಗೆ ಹೋಗಿಬರುತ್ತೇನೆಂದು ಹೊರಟವನು ಹೋದದ್ದು ಮಾತ್ರ ನಿಜ, ಬಂದದ್ದಿಲ್ಲ. ಸತ್ತ ಸುದ್ದಿಯೂ ಬಾರದ್ದರಿಂದ ಹಣೆಯ ಕುಂಕುಮವನ್ನು ಅಳಿಸುವ ಧೈರ್ಯ ಯಾರಿಗೂ ಆಗಿರಲಿಲ್ಲ. ಮಕ್ಕಳಿಲ್ಲ. ಬೇಸಗೆಯಲ್ಲಿ ಇಪ್ಪೆಹೂ ಆಯ್ದು ಒಣಗಿಸುವಳು, ಮಳೆಗೆ ಮುಂಚೆ ಬೀಜ ಆಯ್ದು ಗಾಣಕ್ಕೆ ಹೊರುವಳು, ಗುಡಿಯ ದೀಪಕ್ಕೂ ಮನೆಮನೆಯ ಸೊಡರಿಗೂ ಎಣ್ಣೆ ಅಳೆದು ಕೊಟ್ಟು ಹೊಟ್ಟೆ ಹೊರೆಯುವಳು. ಹೀಗೆ ಒಂದು ದಿನ ಅವಳು ಗಾಣದಿಂದ ಹಿಂದಿರುಗುವಷ್ಟರಲ್ಲಿ ಪಟೇಲನ ಆಳುಗಳು ಮರ ಉರುಳಿಸಿಯಾಗಿತ್ತು. ಬೆಳಿಗ್ಗೆ ಹಾಕಿದ ಕೊಡಲಿ ಮಧ್ಯಾಹ್ನದ ಮುದ್ದೆಗೆ ಬಿಡುವಾಗಿತ್ತು. ಮರ ಬಿದ್ದದ್ದು ಗುಡಿಸಲಿನ ಮೇಲೆಯೇ. ಗಳ, ಗರಿ, ಮಡಕೆ, ಒಲೆ, ಎಲ್ಲ ಅದರಡಿಗೆ ಸೇರಿ ನೆಲಸಮವಾಗಿತ್ತು. ಎಣ್ಣೆಯ ಗಡಿಗೆಯನ್ನು ಕಂಕುಳಲ್ಲಿ ಹಿಡಿದು ನಿಂತವಳನ್ನು ನೋಡಿ ಪಟೇಲ ಎಲೆಅಡಿಕೆಯನ್ನು ದವಡೆಯ ಒಂದು ಕಡೆಗೆ ತಳ್ಳಿ ಹೇಳಿದ:

“ಮರ ಅಂದ್ಮೇಲೆ ಬೀಳ್ತದೆ ಕಣಮ್ಮಿ. ಮನೆ ಬೇರೆ ಕಡೆ ಕಟ್ಕೋ.”

ಅವಳು ಮಣ್ಣು ತೂರಿ ಶಾಪ ಹಾಕಿದಳೆಂದು ಕೆಲವರು ಹೇಳುವುದುಂಟು. ಅದು ಸುಳ್ಳು. ಪಟೇಲರಿಗೆ ಶಾಪ ತಟ್ಟುವಂತಿದ್ದರೆ ನಾಡಿನಲ್ಲಿ ಒಬ್ಬ ಪಟೇಲನೂ ಉಳಿಯುತ್ತಿರಲಿಲ್ಲ. ಕದಿರಮ್ಮ ಆ ಎರಡು ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗುಡಿಯ ಹಿಂದಿನ ಪೌಳಿಯಲ್ಲಿ ಒಲೆ ಹೂಡಿದಳು. ಅವಳ ಮರವನ್ನು ಇಳಿಸಲು ಅವನಿಗೆ ಅರ್ಧ ದಿನ ಸಾಕಾಗಿತ್ತು. ಜನ್ಮವಿಡೀ ಹೆಣಗಿದರೂ ಇಳಿಸಲಾಗದ ಒಂದು ಮರ ಅವನ ಹೊಸ್ತಿಲಿಗೇ ಬಂದು ನಿಲ್ಲಬೇಕು. ಅಲ್ಲಿಯವರೆಗೂ ತಾನು ಸಾಯುವುದಿಲ್ಲ ಎಂದು ಗುಡಿಯ ದೀಪದ ಮುಂದೆ ಹೇಳಿಕೊಂಡಳಂತೆ. ದೇವರಿಗೆ ಕೇಳಿಸಿತೋ ಇಲ್ಲವೋ, ಬತ್ತಿ ಮಾತ್ರ ಚಟಪಟ ಎಂದಿತು. ಎಣ್ಣೆಯಲ್ಲಿ ನೀರು ಬೆರೆತಿದ್ದರೂ ಹಾಗೆ ಆಗುವುದುಂಟು.

ಮನೆ ಮುಗಿದು ಗೃಹಪ್ರವೇಶವಾಯಿತು. ಕರೆಯದೆ ಹೋದ ಕದಿರಮ್ಮ ಕೊನೆಯ ಪಂಕ್ತಿಯಲ್ಲಿ ಕುಳಿತು ಹೋಳಿಗೆಗೆ ತುಪ್ಪ ಕೇಳಿ ಕೇಳಿ ಹಾಕಿಸಿಕೊಂಡು ಉಂಡಳು. ಉಂಡು ತಲೆ ಎತ್ತಿದರೆ ತನ್ನ ಇಪ್ಪೆಮರ ಅಡ್ಡ ಮಲಗಿ ಸೂರು ಹೊತ್ತಿತ್ತು. ಬಿಸಿಲೇರಿ, ಹೋಳಿಗೆಯ ಮಂಪರಿನಲ್ಲಿ ಮನೆಯವರೂ ನೆಂಟರೂ ಕಂಡಕಂಡಲ್ಲಿ ಉರುಳಿಕೊಂಡಿದ್ದಾಗ, ಅವಳು ಮಡಿಲಿನಿಂದ ಒದ್ದೆ ಬಟ್ಟೆಯ ಗಂಟು ತೆಗೆದಳು. ಪಾಳುಗೋಪುರದ ಬಿರುಕಿನಿಂದ ಬೇರು ಮುರಿಯದಂತೆ ಕಿತ್ತು ತಂದ ಅರಳಿಸಸಿ, ಜೊತೆಗೊಂದು ಬೇವಿನ ಸಸಿ. ಎರಡನ್ನೂ ಮುಂಬಾಗಿಲಿನ ಪಕ್ಕದಲ್ಲಿ, ಬುನಾದಿಯ ಕಲ್ಲುಸಂದಿಗೆ ಒತ್ತಿ ಮಣ್ಣು ಮೆತ್ತಿ, ಕೈತೊಳೆದ ನೀರನ್ನೇ ಹೊಯ್ದು ಹೊರಟಳು. ಚಿಗುರು ಕಂಡಾಗ ಎಲ್ಲರೂ ಹಕ್ಕಿ ಹಿಕ್ಕೆಯಿಂದ ಹುಟ್ಟಿದ್ದೆಂದರು. ಆ ಹಕ್ಕಿ ಕುಂಕುಮ ಇಟ್ಟುಕೊಂಡಿತ್ತೆಂದು ಯಾರಿಗೂ ಹೊಳೆಯಲಿಲ್ಲ.

ಪಟೇಲ ಕಿತ್ತು ಬಿಸಾಡಿ ಎಂದೇ ಹೇಳಿದ್ದ. ಅಷ್ಟರಲ್ಲಿ ಎಣ್ಣೆ ಕೊಡುವ ನೆಪದಲ್ಲಿ ಕದಿರಮ್ಮ ಪಟೇಲನ ಹೆಂಡತಿ ದೊಡ್ಡಮ್ಮಣ್ಣಿಯ ಬಳಿ ಬಂದು ಕುಳಿತಳು. ಆ ತಾಯಿಗೆ ಸಾಲಾಗಿ ಗಂಡುಮಕ್ಕಳು. ಜಡೆ ಹೆಣೆಯಲು ಒಂದು ಹೆಣ್ಣುಕೂಸಿಲ್ಲವೆಂಬ ಕೊರಗು.

“ಅರಳಿ, ಬೇವು ಜೋಡಿಯಾಗಿ ತಾವಾಗೇ ಬಂದವೆ ಕಣವ್ವ. ಬೇವು ಅಂದ್ರೆ ಹೆಣ್ಣು. ಹೆಣ್ಣಿಲ್ಲದ ಮನೆಗೆ ಹೆಣ್ಣು ಬಂದವಳೆ. ಕೀಳ್ಸೋದಾದ್ರೆ ಕೀಳ್ಸಿ, ನಂಗೇನು,” ಎಂದು ಎಣ್ಣೆ ಅಳೆದುಕೊಟ್ಟು ಎದ್ದಳು.

ಅಂದಿನಿಂದ ಬೇವಿನ ಗಿಡದ ಎಲೆ ಮುಟ್ಟಿದವನ ಕೈ ಮುರಿಯಲು ದೊಡ್ಡಮ್ಮಣ್ಣಿ ಒನಕೆ ಹಿಡಿದು ನಿಲ್ಲುವಂತಾದಳು. ಕದಿರಮ್ಮನಾದರೋ ದಿನವೂ ಬಂದು ಅರಳಿಯ ಬುಡಕ್ಕೆ ಅಕ್ಕಿ ತೊಳೆದ ನೀರು ಹೊಯ್ಯುವಳು. ಜನ ಅದನ್ನು ಭಕ್ತಿ ಎಂದುಕೊಂಡರು. ಸೇಡನ್ನು ಅಷ್ಟು ಶ್ರದ್ಧೆಯಿಂದ ಸಾಕಿದರೆ ಅದಕ್ಕೂ ಭಕ್ತಿಯ ಕಳೆಯೇ ಬರುತ್ತದೆ.

ಸಸಿಗಳು ಆಳುದ್ದ ಬೆಳೆದ ಕಾಲಕ್ಕೆ ಪಟೇಲನಿಗೆ ಒಂದು ಅವಮಾನವಾಯಿತು. ನೆಂಟರ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಪಕ್ಕದೂರಿನ ಪಟೇಲ, ಕನ್ಯಾದಾನ ಮಾಡದ ಕೈ ಎಷ್ಟು ಕಡಗ ಹಾಕಿದರೂ ಬೋಳುಕೈಯೇ ಎಂದು ಇವನಿಗೆ ಕೇಳುವಂತೆ ಆಡಿದನಂತೆ. ಊರಿಗೆ ಬಂದವನೇ ಪುರೋಹಿತ ಅಪ್ಪಾಜೋಯಿಸರನ್ನು ಕರೆಸಿದ. ಅರಳಿಗೆ ಉಪನಯನ ಮಾಡಿ ಬೇವನ್ನು ಮಗಳೆಂದು ಧಾರೆ ಎರೆದುಕೊಟ್ಟರೆ ಕನ್ಯಾದಾನದ ಪುಣ್ಯ ಕಿಂಚಿತ್ತೂ ಕಡಿಮೆಯಿಲ್ಲದೆ ಬರುತ್ತದೆ ಎಂದು ಜೋಯಿಸರು ಹೇಳಿದರು. ಈ ಮಾತು ಅವರ ಕಿವಿಗೆ ಮೊದಲು ಹಾಕಿದ್ದು ಗುಡಿಯ ದೀಪಕ್ಕೆ ಎಣ್ಣೆ ತರುವವಳೇ ಎನ್ನುತ್ತಾರೆ. ತೊಡಕು ಬಂದದ್ದು ಗಂಡಿನ ಕಡೆಯವರು ಯಾರು ಎನ್ನುವಲ್ಲಿ. ಗಂಡಿನ ಕಡೆಯವರೆಂದರೆ ಕಾಲು ತೊಳೆಸಿಕೊಳ್ಳುವವರು, ಮೇಲೆ ಕೂರುವವರು. ಪಟೇಲನ ಎದುರಿಗೆ ಮೇಲೆ ಕೂರಲು ಯಾವ ಗಂಡಸಿಗೂ ಧೈರ್ಯವಾಗಲಿಲ್ಲ. ಆಗ ಕದಿರಮ್ಮ, ದಿನಾ ನೀರು ಹೊಯ್ದು ಸಾಕಿದವಳು ತಾನು, ತಾಯಿಯ ಜಾಗಕ್ಕೆ ತಾನೇ ನಿಲ್ಲುತ್ತೇನೆ ಎಂದು ಸೆರಗು ಹೊದ್ದು ಮುಂದೆ ಬಂದಳು. ಪಟೇಲ ಹೊಟ್ಟೆ ಹಿಡಿದು ನಕ್ಕು ಒಪ್ಪಿದ.

ಮದುವೆ ಮೂರೂರಿನ ಜನದ ಎದುರಿಗೆ ನಡೆಯಿತು. ಅರಳಿಗೆ ಜನಿವಾರ, ಬೇವಿಗೆ ಹಸಿರು ಸೀರೆ, ಅರಿಶಿನದ ಕೊಂಬು ಕಟ್ಟಿದ ತಾಳಿ. ಪಟೇಲ ಅರಳಿಯ ಬುಡ ತೊಳೆದು ಹಾಲೆರೆದು, ಇವಳು ನನ್ನ ಮಗಳು, ಇವನು ನನ್ನ ಅಳಿಯ, ಇವರ ಮಾನ ಪ್ರಾಣ ನನ್ನದು ಎಂದು ಜೋಯಿಸರು ಹೇಳಿಕೊಟ್ಟಂತೆ ದೊಡ್ಡ ದನಿಯಲ್ಲಿ ನುಡಿದ. ಸಭೆಯೆಲ್ಲ ನಕ್ಕಿತು. ಕದಿರಮ್ಮ ನಗಲಿಲ್ಲ. ಬೀಗಿತ್ತಿಯಾದವಳು ಹಾಗೆಲ್ಲ ಹಲ್ಲು ಬಿಡಬಾರದು.

ಮದುವೆಯಾದ ಗಂಡಿಗೆ ಮೈ ಕೂಡುವುದು ಲೋಕದ ರೂಢಿ. ಇವನಿಗೆ ಕೊಂಚ ಹೆಚ್ಚೇ ಕೂಡಿತು. ಬೇರು ಬುನಾದಿಗೆ ನುಗ್ಗಿತು. ಬೀಗಿತ್ತಿ ಯುಗಾದಿಗೆ ಒಮ್ಮೆ, ಗೌರಿಹಬ್ಬಕ್ಕೆ ಒಮ್ಮೆ ಮಗ ಸೊಸೆಯನ್ನು ನೋಡಲು ಬರುವಳು, ಮಣೆ ಹಾಕಿಸಿಕೊಂಡು ತೊಲೆಯ ಕೆಳಗೇ ಕುಳಿತು ಉಣ್ಣುವಳು. ಹೋಗುವಾಗ ಗೋಡೆಯ ಬಿರುಕಿಗೆ ಕೈ ತಾಗಿಸಿ ನೋಡುವಳು. ಮೊದಲ ವರ್ಷ ಉಗುರು ಹೋಗುವಷ್ಟಿತ್ತು. ಆಮೇಲೆ ಬೆರಳು. ಆಮೇಲೆ ಬಳೆ ಸಮೇತ ಕೈ. ಅವಳ ಜೀವನದಲ್ಲಿ ಅಷ್ಟು ಸುಖದ ಹಬ್ಬಗಳು ಬೇರೆ ಇರಲಿಲ್ಲ. ಬಾಗಿಲು ಹಾಕಿದರೆ ತೆಗೆಯಲು ಬಾರದು, ತೆಗೆದರೆ ಹಾಕಲು ಬಾರದು ಎಂಬಂತಾಯಿತು. ನಡುಮನೆಯ ನೆಲ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿತು. ಕೊನೆಗೆ ರಾಗಿ ತುಂಬಿದ ಹಗೇವಿನ ಗೋಡೆಯನ್ನೇ ಬೇರು ಸೀಳಿ, ಮಳೆನೀರು ಇಳಿದು, ಎರಡು ಸುಗ್ಗಿಯ ರಾಗಿ ಮುಗ್ಗಿ ಕಪ್ಪಾದಾಗ ಪಟೇಲ ಕೊಡಲಿ ತರಿಸಿದ.

ಕೊಡಲಿ ಬಂತು, ಹಿಡಿಯುವ ಕೈ ಬರಲಿಲ್ಲ. ಊರಿನ ಆಳುಗಳು ನಿಮ್ಮ ಅಳಿಯಂದಿರ ಮೈಗೆ ನಾವು ಹೇಗೆ ಏಟು ಹಾಕುವುದು ಎಂದು ಕೈಮುಗಿದರು. ಜೋಯಿಸರನ್ನು ಕೇಳಿದರೆ, ಮದುವೆಯಾದ ಅಶ್ವತ್ಥವನ್ನು ಕಡಿಯುವುದೆಂದರೆ ಅಳಿಯನ ಕೊಲೆ; ಸೂತಕ, ಕರ್ಮ, ವರ್ಷದ ತಿಥಿ, ಊರೂಟ, ಎಲ್ಲವನ್ನೂ ಮಾವನೇ ಮಾಡಬೇಕು, ಮೇಲೆ ಕಾಶಿಗೆ ನಡೆದು ಹೋಗಿಬರಬೇಕು ಎಂದರು. ಮನೆಯೊಳಗಂತೂ ದೊಡ್ಡಮ್ಮಣ್ಣಿ ಗಂಡನಿಗೆ ಎಲೆ ಹಾಕುವುದನ್ನೇ ನಿಲ್ಲಿಸಿದಳು. “ಮಗಳ ತಾಳಿ ಕಿತ್ತ ಕೈಗೆ ನಾನು ಅನ್ನ ಬಡಿಸಾಕಿಲ್ಲ,” ಎಂದಷ್ಟೇ ಅಂದಳಂತೆ.

ಪಟೇಲ ಹಟ ಬಿಡದೆ ಗುಡ್ಡದ ಕಡೆಯಿಂದ ಚಿತ್ತಯ್ಯನೆಂಬ ಮರ ಕಡಿಯುವವನನ್ನು ಆಳುಗಳ ಸಮೇತ ಕರೆಸಿದ. ಪರವೂರಿನವನಿಗೆ ಪಟೇಲನ ಅಳಿಯನಾದರೇನು, ಮಗನಾದರೇನು. ಆದರೂ ಅರಳಿ ಕಚ್ಚಿದ ಕೊಡಲಿಯನ್ನು ಮತ್ತೆ ಮನೆಗೆ ಒಯ್ಯುವ ಪದ್ಧತಿಯಿಲ್ಲವೆಂದು ಆಳಿಗೊಂದು ಹೊಸ ಕೊಡಲಿ ಕೇಳಿದ, ದೋಷ ಕಳೆಯಲು ಆಳಿಗೊಂದು ಹಸು ಕೇಳಿದ. ಪಟೇಲ ಹಲ್ಲು ಕಚ್ಚಿ ಎಲ್ಲಕ್ಕೂ ಹೂಂ ಅಂದ. ಆಮೇಲೆ ಚಿತ್ತಯ್ಯ ಮರವನ್ನು ಸುತ್ತಿದ, ಮಾಡು ಹತ್ತಿದ, ಕೊಂಬೆಗಳನ್ನು ನೋಡಿ ಇಳಿದು ತಲೆ ಕೆರೆದುಕೊಂಡ. ಎದುರಿಗೆ ಹಳೆಯ ಇಪ್ಪೆಯ ಬೊಡ್ಡೆಯ ಮೇಲೆ ಕದಿರಮ್ಮ, ಹಣೆತುಂಬ ಕುಂಕುಮವಿಟ್ಟು, ಮಗನ ಮನೆಗೆ ಬಂದ ತಾಯಿಯಂತೆ ಕುಳಿತಿದ್ದಳು.

“ಬುಡ ಕಡಿದ್ರೆ ಮರ ಮನೆ ಮೇಲೆ ಬೀಳ್ತದೆ ಗೌಡ್ರೇ. ಬೇರು ಕಡಿದ್ರೆ ಮನೆ ಮರದ ಮೇಲೆ ಬೀಳ್ತದೆ,” ಎಂದ ಚಿತ್ತಯ್ಯ. “ಇದನ್ನ ತುದಿಯಿಂದ ಕೊಂಬೆಕೊಂಬೆ ಇಳಿಸ್ಬೇಕು. ಮಿಣಿಹಗ್ಗ ಬಿಗಿದು ಇಳಿಸೋಕೆ ಎದುರಿಗೆ ಇನ್ನೊಂದು ಮರ ಬೇಕು, ಇದರಷ್ಟೇ ಎತ್ತರದ್ದು. ಅಗೋ, ಆ ಅಮ್ಮ ಕೂತವಳಲ್ಲ, ಆ ಬೊಡ್ಡೆ ನೋಡಿದ್ರೆ ಒಂದು ಕಾಲಕ್ಕೆ ಇದ್ದಂಗದೆ. ಯಾವ ಪುಣ್ಯಾತ್ಮ ಕಡಿದ ಅದನ್ನ?”

ಕದಿರಮ್ಮ ಬೊಡ್ಡೆಯಿಂದ ಏಳದೆಯೇ ಹೇಳಿದಳು: “ಒಳಗೆ ಹೋಗಿ ತಲೆ ಎತ್ತಿ ನೋಡಪ್ಪ. ಸೂರು ಹೊತ್ಕೊಂಡು ಮಲಗ್ಯದೆ.”

ಮೊದಲು ಮನೆ ಬಿಚ್ಚಿಕೊಳ್ಳಿ, ಆಮೇಲೆ ಮರ ಇಳಿಸಿಕೊಡುತ್ತೇನೆ ಎಂದು ಹೇಳಿ ಚಿತ್ತಯ್ಯ ತನ್ನ ಆಳುಗಳೊಂದಿಗೂ, ಹೊಸ ಕೊಡಲಿಗಳೊಂದಿಗೂ ದಾರಿ ಹಿಡಿದ. ಮನೆ ಬಿಚ್ಚಿದ ಮೇಲೆ ಮರ ಇಳಿಸುವುದು ಯಾರ ಭಾಗ್ಯಕ್ಕೆ ಎಂದು ಕೇಳುವಷ್ಟು ಕಸುವು ಪಟೇಲನಲ್ಲಿ ಉಳಿದಿರಲಿಲ್ಲ. ಅವನು ಬೀದಿ ದಾಟಿ ಬೊಡ್ಡೆಯ ಮುಂದೆ ಬಂದು, ಊರು ನೋಡುತ್ತಿದ್ದಂತೆ, ರುಮಾಲು ತೆಗೆದು ಕಂಕುಳಿಗಿಟ್ಟ. ನಿನ್ನ ಮಗನಿಗೆ ನೀನೇ ಒಂದು ದಾರಿ ಹೇಳು, ಗುಡಿಸಲಿನ ಬದಲು ಹೆಂಚಿನ ಮನೆ ಕಟ್ಟಿಸಿಕೊಡುತ್ತೇನೆ, ಹೊಲ ಬರೆದುಕೊಡುತ್ತೇನೆ ಎಂದ. ಕದಿರಮ್ಮ ಎಲೆಅಡಿಕೆಯನ್ನು ದವಡೆಯ ಒಂದು ಕಡೆಗೆ ತಳ್ಳಿದಳು. ಅವಳಿಗೆ ಎಲೆಅಡಿಕೆಯ ಅಭ್ಯಾಸವೇ ಇರಲಿಲ್ಲ. ಅಂದಿಗೆಂದೇ ಹಾಕಿಕೊಂಡು ಬಂದಿದ್ದಳು.

“ಮರ ಅಂದ್ಮೇಲೆ ಬೆಳೀತದೆ ಬೀಗರೇ. ಮನೆ ಬೇರೆ ಕಡೆ ಕಟ್ಕೊಳ್ಳಿ.”

ಆ ಮಳೆಗಾಲ ಮುಗಿಯುವುದರೊಳಗೆ ಪಟೇಲ ಹೆಂಚು, ಕಂಬ, ಕಲ್ಲು ಬಿಚ್ಚಿಕೊಂಡು ಕೆರೆಯ ಆಚೆಗೆ ಹೋದ. ತೊಲೆಯನ್ನು ಮಾತ್ರ ಬೀಗಿತ್ತಿ ಬಿಡಲಿಲ್ಲ, ಅದು ತನ್ನದೆಂದು ಇಳಿಸಿಕೊಂಡಳು. ಬಾಗಿಲುವಾಡವನ್ನು ಅಳಿಯನೇ ಬಿಡಲಿಲ್ಲ, ಎಳೆದಷ್ಟೂ ಬಿಗಿಹಿಡಿದ. ಎಲ್ಲರಿಗಿಂತ ಕೊನೆಗೆ ಹೊರಟ ದೊಡ್ಡಮ್ಮಣ್ಣಿ ಬೇವಿನ ಬುಡಕ್ಕೆ ಮಡಿಲಕ್ಕಿ ಸುರಿದು, ಕಾಂಡಕ್ಕೆ ಕೆನ್ನೆಯಿಟ್ಟು ಅತ್ತಳು. ಲೋಕದಲ್ಲೆಲ್ಲ ಮಗಳು ಹೊರಡುತ್ತಾಳೆ, ತೌರು ಉಳಿಯುತ್ತದೆ. ಇಲ್ಲಿ ಮಗಳು ಉಳಿದು ತೌರು ಹೊರಟಿತ್ತು. ಬೊಡ್ಡೆಯ ಮೇಲಿದ್ದ ಕದಿರಮ್ಮ ಅದನ್ನು ನೋಡಲಾರದೆ ಕೆರೆಯ ಕಡೆಗೆ ಮುಖ ತಿರುಗಿಸಿದಳಂತೆ. ಸೇಡಿನ ಕಣ್ಣಿಗೆ ಪಟೇಲನೊಬ್ಬನೇ ಕಂಡಿದ್ದ. ಆ ತಾಯಿ ಕಂಡಿರಲಿಲ್ಲ. ಮರುದಿನದಿಂದ ಬೇವಿನ ಬುಡಕ್ಕೂ ಅವಳೇ ನೀರು ಹೊಯ್ದಳು ಎನ್ನುತ್ತಾರೆ.

ಇಂದಿಗೂ ನೋಡಲು ಹೋದವರಿಗೆ ಕಟ್ಟೆಯ ಮೊದಲ ಮೆಟ್ಟಿಲಾಗಿ ಆ ಇಪ್ಪೆಯ ತೊಲೆ ಸಿಗುತ್ತದೆ, ಕೂತವರ ಪಂಚೆ ಸೀರೆಗಳಿಂದ ನುಣುಪಾಗಿ ಹೊಳೆಯುತ್ತದೆ. ಎದುರಿಗೆ ಬೊಡ್ಡೆಯಿಂದ ಒಡೆದ ಚಿಗುರುಗಳು ಮೂರು ಇಪ್ಪೆಮರಗಳಾಗಿ ಗುಂಪುಗೂಡಿ ನಿಂತಿವೆ; ಈಗ ಯಾರಾದರೂ ಮಿಣಿ ಬಿಗಿಯುವುದಾದರೆ ಬಿಗಿಯಬಹುದು, ಬಿಗಿಯುವವರಿಲ್ಲ. ವಿದ್ಯುತ್ ಕಂಬಗಳು ಏರಿಯ ಮೇಲೆ ನೇರ ಬಂದು, ಕಟ್ಟೆಯ ಹತ್ತಿರ ಮಾತ್ರ ದೂರಕ್ಕೆ ಬಳಸಿಕೊಂಡು ಹೋಗಿವೆ. ಹೆಂಡತಿಯ ಊರಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟ ಅಳಿಯಂದಿರನ್ನು ಅತ್ತೆಯರು ಏನೂ ಹೇಳದೆ ಇಲ್ಲಿಗೆ ಕರೆತಂದು ಒಂದು ಪ್ರದಕ್ಷಿಣೆ ಹಾಕಿಸುತ್ತಾರೆ. ಪಡುವಲ ಮಗ್ಗುಲಿನ ಆ ಬಾಗಿಲುವಾಡದೊಳಗೆ ಹಿಂದೆ ಆಳು ಬಗ್ಗಿ ನುಗ್ಗಬಹುದಿತ್ತಂತೆ. ಈಗ ಬಳೆ ಸಮೇತ ಕೈ ಹೋಗುವಷ್ಟು ಸಂದು ಉಳಿದಿದೆ. ಬಂದವರೆಲ್ಲ ಕೈ ಹಾಕಿ ನೋಡುತ್ತಾರೆ, ಹಾಕಿದವರೆಲ್ಲ ಬೇಗನೆ ತೆಗೆಯುತ್ತಾರೆ. ಅಳಿಯ ಇನ್ನೂ ಬೆಳೆಯುತ್ತಿದ್ದಾನೆ.