ತಲೆ ತಿನ್ನುವ ರಕ್ಕಸನ ಕೈನಡುಕ

"ಗವಿಕೋಟೆಯ ಕೆಂಡಗಣ್ಣ ರಕ್ಕಸನ ಅಪ್ಪಣೆ ಇದು. ಕಿವಿ ಇದ್ದವರು ಕೇಳಿ, ಇಲ್ಲದವರಿಗೆ ಇದ್ದವರು ಹೇಳಿ. ಮೂರು ಒಗಟು ಬಿಡಿಸಿದವನಿಗೆ ಕೋಟೆಯೂ ಅವನದು, ಸೆರೆಯವರೂ ಅವನವರು. ತಪ್ಪಿದವನ ತಲೆ ರಕ್ಕಸನ ತಟ್ಟೆಗೆ, ಮೈ ನಾಯಿಗಳಿಗೆ."

ಡಂಗುರ ಹಾಲಗಡ್ಡಿ ಊರಿನ ಮಗ್ಗದ ಚಾವಡಿಗೂ ಬಂತು. ಅಲ್ಲಿದ್ದ ತಿಪ್ಪೇಶಿ ನೇಯುವವನೂ ಅಲ್ಲ, ಮಾರುವವನೂ ಅಲ್ಲ. ಮಗ್ಗದಿಂದ ಇಳಿದ ಸೀರೆ ಮಡಚುವುದು, ಹುಳುಕು ಹುಡುಕುವುದು ಅವನ ಕೆಲಸ. ಅವನ ಅಕ್ಕ ಹೊನ್ನವ್ವನನ್ನು ರಕ್ಕಸ ಹಿಡಿದೊಯ್ದು ಆರು ದಿನವಾಗಿತ್ತು. ನಾಳೆ ಅವಳ ಸರದಿ. ತಿಪ್ಪೇಶಿ ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟ. ಅಂಥ ಗಂಡಸು ಆ ಸೀಮೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ, ಬೇಕಾದರೆ ಹೋಗಿ ಕೇಳಿ.

ಕೋಟೆಯ ಅಂಗಳ ರಕ್ತಕ್ಕೆ ಜಾರುತ್ತಿತ್ತು. ಗೋಡೆಗುಂಟ ಒಡೆದ ಬುರುಡೆಗಳು, ಸೌಟು ಹಾಕಿ ಕೆರೆದಷ್ಟು ಖಾಲಿ. ಪಂಜರದೊಳಗಿಂದ ಹೊನ್ನವ್ವ ನೋಡಿದಳು.

"ನೀನ್ಯಾಕೋ ಬಂದೆ? ಸೀರೆ ಮಡಚೋನಿಗೆ ಇಲ್ಲೇನೋ ಕೆಲಸ?"

"ಸುಮ್ನಿರಕ್ಕ. ನಿನ್ನ ಬಿಟ್ಟು ಹೋದ್ರೆ ಊರಿಗೆ ಯಾವ ಮುಖ ತೋರಿಸ್ಲಿ?"

ಅವನಿಗಿಂತ ಮೊದಲು ಇಬ್ಬರು ನಿಂತಿದ್ದರು. ರಕ್ಕಸ ಕಂಡಗತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಒಗಟು ಹೇಳಿದ: "ಎಷ್ಟೋ ಮೈ ಬಗೆದು ನೋಡಿದವನು ನಾನು. ಮೈ ತುಂಬ ಕಣ್ಣಿಗೆ ಕಾಣದ ಕೋಣೆಗಳಿವೆ. ಒಂದೊಂದರಲ್ಲೂ ಅದೇ ಇಪ್ಪತ್ತು ಬಗೆಯ ಮಣಿ ಪೋಣಿಸಿ ದಾರ ಮಾಡುತ್ತಾರೆ. ಮಣಿಯ ಸಾಲು ಸರಿಯಿದ್ದರೂ ಬರೀ ದಾರ ಯಾವ ಕೆಲಸಕ್ಕೂ ಬಾರದು. ಅದಕ್ಕೆ ಮತ್ತೇನೋ ಆದ ಮೇಲೆಯೇ ಒಂದು ದಾರ ಉಸಿರು ಹೊರುತ್ತದೆ, ಇನ್ನೊಂದು ತೋಳು ಎಳೆಯುತ್ತದೆ. ಏನಾಗಬೇಕು?"

ಪಾಳೇಗಾರನ ಮಗ ಚಿಕ್ಕರಂಗಪ್ಪ ಮೀಸೆ ತಿರುವಿದ. "ಬಲ ಬರಬೇಕು, ಅಷ್ಟೆ."

ಕತ್ತಿ ಬಿತ್ತು. ಮೀಸೆ ತಿರುವುತ್ತಿದ್ದ ಕೈ ಇನ್ನೂ ಮೇಲೇ ಇತ್ತು, ತಲೆ ಇರಲಿಲ್ಲ. ಪಕ್ಕದಲ್ಲಿದ್ದ ನರಹರಿ ಪಂಡಿತ ಮುಖಕ್ಕೆ ಸಿಡಿದ ರಕ್ತ ಒರೆಸಿಕೊಂಡು "ಮಂತ್ರ" ಎಂದ. ಅವನಿಗೆ ಎರಡು ಏಟು ಬೇಕಾಯಿತು. ಮೊದಲನೆಯದು ಗುರಿ ತಪ್ಪಿ ಹೆಗಲು ಸೀಳಿತು. ಪಂಡಿತ ಕಿರುಚುತ್ತಿದ್ದರೆ ರಕ್ಕಸ ನಗತೊಡಗಿದ, ನಿಲ್ಲಿಸಲು ನೋಡಿದರೂ ನಗು ನಿಲ್ಲಲಿಲ್ಲ. ತಿಪ್ಪೇಶಿ ಆ ನಗು ನೋಡಲಿಲ್ಲ, ರಕ್ಕಸನ ಕೈ ನೋಡಿದ. ಕೈ ನಡುಗುತ್ತಿತ್ತು.

"ನೀನು ಹೇಳೋ, ಬಡಕಲ."

"ಮಡಿಕೆ ಬೀಳಬೇಕು ಒಡೆಯಾ. ಉದ್ದ ಬಟ್ಟೆ ಹಾಗೇ ಬಿದ್ದಿದ್ದರೆ ಬಟ್ಟೆ. ಒಂದು ಥರ ಮಡಚಿದರೆ ಪೇಟ, ಇನ್ನೊಂದು ಥರ ಮಡಚಿದರೆ ಜೋಳಿಗೆ."

ರಕ್ಕಸ ಗುರುಗುಟ್ಟಿದ. ಸರಿಯೆಂದೇ ಅರ್ಥ. ಆ ದಾರಕ್ಕೆ ಈಗಿನವರು ಪ್ರೋಟೀನು ಅನ್ನುತ್ತಾರೆ.

"ಎರಡನೆಯದು. ಅದೇ ಕೋಣೆಯಲ್ಲಿ ಒಬ್ಬ ಕಟುಕ. ಕಣ್ಣಿಲ್ಲ, ಬಾಗಿಲು ಕಿರಿದು. ಒಳಗೆ ಬಂದವನನ್ನು ತುಂಡು ತುಂಡು ಮಾಡುತ್ತಾನೆ. ಆದರೂ ಬಾಗಿಲ ಮುಂದೆ ಓಡಾಡುವ ಒಳ್ಳೆಯವರನ್ನು ಮುಟ್ಟುವುದಿಲ್ಲ. ಹೇಗೆ?"

ತಿಪ್ಪೇಶಿ ತನ್ನ ಬೆರಳುಗಳನ್ನೇ ನೋಡಿಕೊಂಡ.

"ಗುರುತು ಕಟ್ಟಿರುತ್ತಾರೆ. ನಮ್ಮ ಚಾವಡಿಯಲ್ಲಿ ಮಡಿಕೆ ಕೆಟ್ಟ ಸೀರೆಯನ್ನು ಗಾಡಿಗೆ ಹಾಕುವುದಿಲ್ಲ. ಮೊದಲು ಬಿಚ್ಚಿ ಮತ್ತೆ ಮಡಚುತ್ತೇವೆ. ಆಗಲೂ ಕೂರದಿದ್ದರೆ ಸೆರಗಿಗೆ ಕೆಂಪು ನೂಲಿನ ಗಂಟು. ಒಂದು ಗಂಟು ಕೈತಪ್ಪಿಯೂ ಬಿದ್ದೀತು. ಒಂದರ ಹಿಂದೊಂದು ನಾಲ್ಕು ಬಿದ್ದರೆ ಕುರುಡನೂ ತಡವಿ ತಿಳಿಯುತ್ತಾನೆ, ಹರಿದು ಹಾಕುತ್ತಾನೆ. ಹರಿದ ನೂಲು ಮತ್ತೆ ಮಗ್ಗಕ್ಕೆ."

"ಗುರುತು ಕಟ್ಟುವವನು ಅತಿ ಬಿಗಿಯಾದರೆ?"

"ಉಡಬಹುದಾದ ಸೀರೆಯೂ ಹರಿದುಹೋಗುತ್ತದೆ, ಮನೆಯಾಕೆ ಬರಿಮೈಯಲ್ಲಿ ಇರುತ್ತಾಳೆ."

"ಹೌದು," ಎಂದ ರಕ್ಕಸ. "ಎದೆಯಲ್ಲಿ ಅಂಟಿನಂಥ ಕಫ ಕಟ್ಟಿ ಸತ್ತ ಕೂಸುಗಳನ್ನು ಬಗೆದಿದ್ದೇನೆ. ಚೂರು ಸೊಟ್ಟಗಿದ್ದರೂ ಕೆಲಸ ಮಾಡಬಲ್ಲ ದಾರವನ್ನು ಕೋಣೆಯ ಹೊರಬಾಗಿಲಿಗೆ ಕಳಿಸದೆ ಒಳಗೇ ಕೊಂದಿದ್ದರು."

ಮೂರನೆಯ ಒಗಟಿಗೆ ಅವನ ದನಿ ತಗ್ಗಿತು. "ಉಸಿರಿಲ್ಲ, ಹಲ್ಲಿಲ್ಲ, ಮೊಟ್ಟೆ ಇಡುವುದಿಲ್ಲ. ಆದರೂ ಒಂದು ಹತ್ತಾಗುತ್ತದೆ, ಹತ್ತು ಸಾವಿರವಾಗುತ್ತದೆ. ಬೇಯಿಸಿದರೂ ಸಾಯದು. ಯಾವುದು?"

ಅಂಗಳದಲ್ಲಿ ನಾಯಿಗಳು ಎಲುಬು ಕಡಿಯುತ್ತಿದ್ದವು. ಈ ಒಗಟು ಆಟಕ್ಕೆ ಕೇಳಿದ್ದಲ್ಲ ಎಂದು ತಿಪ್ಪೇಶಿಗೆ ಹೊಳೆಯಿತು.

"ಕೆಟ್ಟ ಮಡಿಕೆ ಬಿದ್ದ ಅದೇ ದಾರ, ಒಡೆಯಾ. ಒದ್ದೆ ಸೀರೆಗಳ ಅಟ್ಟಿಯಲ್ಲಿ ಒಂದು ಸೊಟ್ಟಗೆ ಕೂತರೆ ಅದರ ಗೆರೆ ಪಕ್ಕದ್ದಕ್ಕೆ ಒತ್ತುತ್ತದೆ, ಅದರದು ಇನ್ನೊಂದಕ್ಕೆ. ಅಟ್ಟಿಯೇ ಗಂಟು ಕಟ್ಟಿಕೊಳ್ಳುತ್ತದೆ. ಆ ಗಂಟು ನಿಮ್ಮ ಕಟುಕನ ಬಾಗಿಲಲ್ಲಿ ತೂರುವುದಿಲ್ಲ. ಅದು ನಿಮ್ಮ ತಲೆಯಲ್ಲಿ ಸೇರಿದೆ. ತಿಂದ ತಲೆಗಳಲ್ಲಿ ಯಾವುದೋ ಒಂದರಲ್ಲಿತ್ತು. ಅದಕ್ಕೇ ಕೈನಡುಕ, ಅದಕ್ಕೇ ಆ ನಗು."

"ಮದ್ದು ಹೇಳು."

"ಇದಕ್ಕೆ ಮದ್ದೇ ಇಲ್ಲ."

ರಕ್ಕಸ ಎದ್ದು ಕತ್ತಿ ಬೀಸಿದ. ತಿಪ್ಪೇಶಿಯ ಎಡಗಿವಿ ಹಾರಿಹೋಯಿತು. ಎರಡನೆಯ ಏಟಿಗೆ ರಕ್ಕಸನ ಕಾಲುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಕೆಡೆದವನು ಏಳಲಾರದೆ ಸೊಂಟದ ಬೀಗದ ಕೈ ಬಿಚ್ಚಿ ಎಸೆದ. ಆಡಿದ ಮಾತು ಉಳಿಸಿಕೊಂಡ, ಅಷ್ಟು ಹೇಳಲೇಬೇಕು.

ಪಂಜರ ತೆರೆದದ್ದೇ ತಡ, ಸೆರೆಯವರು ಕಲ್ಲು, ಸರಪಳಿ, ಸಿಕ್ಕಿದ್ದೆಲ್ಲ ಹಿಡಿದು ಅವನ ಮೇಲೆ ಬಿದ್ದರು. ತಲೆ ಒಡೆಯಿತು. ಆಮೇಲೆ ಸೆರೆಯವರಲ್ಲೊಬ್ಬನಾದ ಗವಿಕೋಟೆಯ ಹಿರಿಯ ಮುದ್ದಣಗೌಡ, ತಮ್ಮಲ್ಲಿ ನಡೆದು ಬಂದ ಪದ್ಧತಿಯಂತೆ, ಸತ್ತ ವೈರಿಯ ತಲೆಯ ತಿರುಳನ್ನು ರಾಗಿಮುದ್ದೆಗೆ ಹಚ್ಚಿ ಮೊದಲ ತುತ್ತನ್ನು ಗೆದ್ದವನ ಬಾಯಿಗೆ ಹಿಡಿದ. "ತಿನ್ನಪ್ಪ. ಅವನ ಶಕ್ತಿಯೆಲ್ಲ ನಿನಗೆ ಬರಲಿ."

ತಿಪ್ಪೇಶಿ ತಟ್ಟೆಯನ್ನು ಒದ್ದ. ಕೆಟ್ಟ ಗಂಟಿನ ತಿರುಳು ಮೆತ್ತಿದ್ದ ಗೌಡನ ಕೈ ಹಿಡಿದು ಬೂದಿಯಲ್ಲಿ ತಿಕ್ಕಿದ, ಚರ್ಮ ಕಿತ್ತು ಬರುವಷ್ಟು.

"ಹಿರೀಕನ ಮೈ ಮುಟ್ತೀಯೇನೋ?" ಎಂದು ಜನ ಅದೇ ಸರಪಳಿಗಳನ್ನು ಅವನ ಮೇಲೆ ಎತ್ತಿದರು. ಹೊನ್ನವ್ವ ರಕ್ಕಸನ ಕತ್ತಿ ಹಿಡಿದು ತಮ್ಮನ ಮುಂದೆ ನಿಂತಳು.

"ಇವನೀಗ ಕೋಟೆಯ ಒಡೆಯ. ಹೇಳಿದ್ದು ಕೇಳ್ರಿ."

ತಿಪ್ಪೇಶಿ ಕಿವಿಯ ಗಾಯ ಒತ್ತಿ ಹಿಡಿದೇ ಮೊದಲ ಅಪ್ಪಣೆ ಕೊಟ್ಟ. ರಕ್ಕಸನ ಹೆಣಕ್ಕೆ, ತಿರುಳಿಗೆ ಮೂರಾಳು ಆಳದ ಗುಂಡಿ, ತುಂಬ ಸುಣ್ಣ, ಮೇಲೆ ಬಂಡೆ. ಜನ ಬೈದುಕೊಳ್ಳುತ್ತಲೇ ಅಗೆದರು. ಮುದ್ದಣಗೌಡ ಸಾಯುವವರೆಗೂ ಅವನೊಂದಿಗೆ ಮಾತಾಡಲಿಲ್ಲ. ಆದರೆ ತೊಂಬತ್ತು ವರ್ಷ ಬದುಕಿದ, ಕೊನೆಯ ದಿನವೂ ತುಂಬಿದ ತಂಬಿಗೆಯನ್ನು ಒಂದು ಹನಿ ಚೆಲ್ಲದೆ ಎತ್ತಿ ಕುಡಿದ.