ಎರಡು ಹೆಸರು ಕೂಗುವ ಅಜ್ಜಿ

ಕಂಪ್ಯೂಟರಿಗೆ ಮಾತು ಕಲಿಸಿದ ಗುರು ನಾನೇ. ಸುಳ್ಳು ಬಿಡಿ, ನನಗೆ ಅದನ್ನು ಆಫ್ ಮಾಡಲೂ ಬರುವುದಿಲ್ಲ.

ನಮ್ಮೂರ ಟ್ಯಾಂಕುಗಳಿಗೆ ನೀರು ಹತ್ತಿಸುವ ಮುದಿ ಪ್ರೋಗ್ರಾಂ ಒಂದಿತ್ತು, ಎರಡೂ ಕೇರಿಗಳ ಕಂಪ್ಯೂಟರುಗಳಲ್ಲಿ ಅದೇ; ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಅದನ್ನು ಬರೆದ ಭಾಷೆಯ ಹೊಸ ಆವೃತ್ತಿ ಮೇಲಿನ ಕೇರಿಯ ಕಂಪ್ಯೂಟರಿಗೆ ಬಂದದ್ದೇ ಗದರಿತು: "ಮೋಟಾರು ಎಬ್ಬಿಸುವ ಆಜ್ಞೆಗೆ ಬೇರೆ ಹೆಸರಿಟ್ಟಿದ್ದೇನೆ. ಹಳೆಯದನ್ನು ಅಳಿಸು, ಅಜ್ಜಿ."

"ಅಳಿಸಿದರೆ ಕೆಳಗಿನ ಕೇರಿಗೆ ನೀರಿಲ್ಲ ಮಗಾ. ಅಲ್ಲಿನ್ನೂ ನಿಮ್ಮಣ್ಣ, ಹಳೆಯ ಆವೃತ್ತಿಯೇ ಇದ್ದಾನೆ."

"ಹಾಗಾದರೆ ಇಲ್ಲಿ ನಿನ್ನ ಮಾತು ನಡೆಯದು!"

"ನಡೆಯುತ್ತದೆ. ಮೊದಲು ಹೊಸ ಹೆಸರು ಕೂಗುತ್ತೇನೆ. ಯಾರೂ ಓಗೊಡದಿದ್ದರೆ ಹಳೆಯದು."

ಎರಡೂ ಕೇರಿಗಳಲ್ಲಿ ನಲ್ಲಿ ಸುರಿಯಿತು. ಹೊಸ ಆವೃತ್ತಿ ಮೆಲ್ಲಗೆ ಕೇಳಿತು: "ಅಜ್ಜೀ, ನನಗೊಬ್ಬ ತಮ್ಮ ಬಂದಮೇಲೂ ನನ್ನ ಹೆಸರು ಕೂಗುತ್ತೀಯಾ?"

"ನೀನು ಓಗೊಡುವ ತನಕ ಕೂಗುತ್ತೇನೆ, ಪೆದ್ದಾ."

ಇಷ್ಟೇ ಸ್ವಾಮಿ. ಕತೆ ನನ್ನದು, ಟೀ ದುಡ್ಡು ನಿಮ್ಮದು.